ಶಿಕ್ಷೆಯಿಲ್ಲದ ಸೆರೆ: ಪರದೇಶೀಯನೆಂದು ಹಿಡಿಯಲ್ಪಟ್ಟವನಿಗೆ ಕಾನೂನಿನಲ್ಲಿರುವ ದಾರಿಗಳು

ಕಳವು ಮಾಡಿ ಸೆರೆಮನೆ ಸೇರಿದವನಿಗೆ ತಾನು ಹೊರಗೆ ಬರುವ ದಿನ ತಿಳಿದಿರುತ್ತದೆ. ನ್ಯಾಯಾಲಯವು ಆರು ತಿಂಗಳೆಂದರೆ ಆರು ತಿಂಗಳು, ಮೂರು ವರ್ಷವೆಂದರೆ ಮೂರು ವರ್ಷ. ಗೋಡೆಯ ಮೇಲೆ ಗೀಟು ಎಳೆದು ದಿನ ಎಣಿಸುವುದಕ್ಕೆ ಅವನಿಗೊಂದು ಆಧಾರವುಂಟು. ‘ಇವನು ಈ ದೇಶದವನಲ್ಲ’ ಎಂಬ ಕಾರಣಕ್ಕೆ ಹಿಡಿದಿಡಲ್ಪಟ್ಟವನಿಗೆ ಈ ಆಧಾರವೂ ಇಲ್ಲ. ಅವನನ್ನು ಇಟ್ಟುಕೊಂಡಿರುವುದು ದಂಡಿಸುವುದಕ್ಕಲ್ಲ, ಅವನ ದೇಶಕ್ಕೆ ಕಳುಹಿಸುವವರೆಗೆ ಕಾದಿರಿಸುವುದಕ್ಕೆ ಎಂಬುದು ಕಾನೂನಿನ ಮಾತು. ಆದರೆ ಆ ದೇಶವು ಅವನನ್ನು ತನ್ನವನೆಂದು ಒಪ್ಪದಿದ್ದರೆ, ಅಥವಾ ಅವನು ನಿಜವಾಗಿ ಇಲ್ಲಿಯವನೇ ಆಗಿದ್ದು ಅದನ್ನು ರುಜುವಾತುಪಡಿಸುವ ಕಾಗದ ದೂರದ ಹಳ್ಳಿಯ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ಈ ಕಾಯುವಿಕೆಗೆ ಕೊನೆ ಎಲ್ಲಿ?

ಇದು ಅಸ್ಸಾಮಿನ ಸಮಸ್ಯೆ, ನಮಗೇಕೆ ಎಂದು ಥಾಣೆ, ಡೊಂಬಿವಲಿಗಳ ವಾಚಕರಿಗೆ ತೋರಬಹುದು. ಹಾಗೆ ತೋರುವ ಕಾಲ ಈಗ ಉಳಿದಿಲ್ಲ. 2025ರ ಜೂನ್ ತಿಂಗಳಲ್ಲಿ ಥಾಣೆ ಜಿಲ್ಲೆಯದೇ ಆದ ಮೀರಾರೋಡಿನಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದ ಪಶ್ಚಿಮ ಬಂಗಾಲದ ಮುರ್ಶಿದಾಬಾದ್ ಜಿಲ್ಲೆಯವನೊಬ್ಬನನ್ನು ಬಾಂಗ್ಲಾದೇಶೀಯನೆಂಬ ಸಂಶಯದಿಂದ ಹಿಡಿದು, ಕೆಲವೇ ದಿನಗಳಲ್ಲಿ ಗಡಿಯಾಚೆ ದಾಟಿಸಲಾಯಿತು. ಅವನ ರಾಜ್ಯದ ಸರಕಾರ ಮಧ್ಯೆ ಪ್ರವೇಶಿಸಿದ ಮೇಲೆ ಅವನನ್ನು ಹಿಂದಕ್ಕೆ ಕರೆತರಬೇಕಾಯಿತು. ಮಹಾರಾಷ್ಟ್ರದ ಗೃಹ ಇಲಾಖೆಯು 2019ರಲ್ಲಿ ನವಿ ಮುಂಬಯಿಯ ನೆರೂಳಿನಲ್ಲಿ ಇಂಥವರನ್ನು ಇರಿಸುವ ಕೇಂದ್ರವೊಂದಕ್ಕಾಗಿ ಸಿಡ್ಕೋದಿಂದ ಜಾಗ ಕೇಳಿತ್ತು. ಆ ವರ್ಷದ ಕೊನೆಗೆ ಅಧಿಕಾರಕ್ಕೆ ಬಂದ ಸರಕಾರ ಅದು ಬೇಡವೆಂದಿತು. ಕರ್ನಾಟಕದಲ್ಲಾದರೋ ಬೆಂಗಳೂರಿನ ಹೊರಗೆ ನೆಲಮಂಗಲದ ಸಮೀಪ ಸೊಂಡೆಕೊಪ್ಪದಲ್ಲಿ, ಮೊದಲು ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವನ್ನೇ ಇದಕ್ಕಾಗಿ ಸಜ್ಜುಗೊಳಿಸಲಾಯಿತು. ಊರು ಬಿಟ್ಟು ಊರಿಗೆ ದುಡಿಯಲು ಬಂದವರು ನಮ್ಮವರೂ ಹೌದು. ಮನೆಗೆಲಸಕ್ಕೆ ಬರುವವಳು, ಕಟ್ಟಡದ ಕಾವಲಿನವನು, ಹೋಟೆಲಿನ ಅಡಿಗೆಮನೆಯಲ್ಲಿ ಜೊತೆಗೆ ದುಡಿಯುವವನು ಯಾವ ರಾಜ್ಯದವನಾದರೂ ಆಗಿರಬಹುದು. ಇನ್ನು, ಕೊಲ್ಲಿ ದೇಶಗಳಲ್ಲಿ ವೀಸಾದ ತೊಡಕಿನಿಂದ ಸಿಕ್ಕಿಬಿದ್ದ ಮಗನೋ ಅಳಿಯನೋ ಇರುವ ಮನೆಗಳು ಕರಾವಳಿಯ ಕನ್ನಡಿಗರಲ್ಲಿ ಕಡಿಮೆಯೇನಲ್ಲ.

ಮೊದಲು ತಿಳಿಯಬೇಕಾದುದು ಇಷ್ಟು: ಪರದೇಶೀಯನೆಂಬ ಕಾರಣದ ಬಂಧನ ಎರಡು ಬಗೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಜೈಲು, ಒಂದೇ ಬಾಗಿಲು. ಕಾನೂನಿನ ದೃಷ್ಟಿಯಲ್ಲಿ ಅವುಗಳ ನಡುವೆ ಅಜಗಜಾಂತರವಿದೆ. ಒಂದರ ಮದ್ದು ಇನ್ನೊಂದಕ್ಕೆ ತಗಲುವುದಿಲ್ಲ. ಮನೆಯವರು ತಿಂಗಳುಗಟ್ಟಲೆ ತಪ್ಪು ಬಾಗಿಲನ್ನು ತಟ್ಟುತ್ತಿರುವುದು ಈ ಭೇದ ತಿಳಿಯದ್ದರಿಂದಲೇ.

ಮೊದಲನೆಯದು ಅಪರಾಧದ ಮೊಕದ್ದಮೆ. ಪಾಸ್‌ಪೋರ್ಟು, ವೀಸಾಗಳಿಲ್ಲದೆ ದೇಶದೊಳಗೆ ಬಂದನೆಂದು, ಅಥವಾ ವೀಸಾದ ಅವಧಿ ಮೀರಿ ಉಳಿದನೆಂದು ಪೋಲೀಸರು ಖಟ್ಲೆ ಹೂಡುತ್ತಾರೆ. ಇದಕ್ಕೆ ಆಧಾರವಾಗಿದ್ದುದು 1946ರ ವಿದೇಶೀಯರ ಕಾಯಿದೆ. ಅದನ್ನೂ ಇನ್ನು ಮೂರು ಹಳೆಯ ಕಾಯಿದೆಗಳನ್ನೂ ರದ್ದುಗೊಳಿಸಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಗೆ ಬಂದಿದೆ. ಪಾಸ್‌ಪೋರ್ಟು, ವೀಸಾಗಳಿಲ್ಲದ ಪ್ರವೇಶಕ್ಕೆ ಇದರಲ್ಲಿ ಐದು ವರ್ಷಗಳವರೆಗಿನ ಸೆರೆ, ಐದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಇವೆರಡೂ. ಅವಧಿ ಮೀರಿ ಉಳಿದುದಕ್ಕೆ ಮೂರು ವರ್ಷಗಳವರೆಗೆ ಸೆರೆ. ಡೊಂಬಿವಲಿಯಲ್ಲಿ ಹಿಡಿದವನು ಕಲ್ಯಾಣದ ಮ್ಯಾಜಿಸ್ಟ್ರೇಟರ ಮುಂದೆ ಬರುತ್ತಾನೆ. ವಿಚಾರಣಾಧೀನರು ಕಲ್ಯಾಣದ ಆಧಾರವಾಡಿ ಜೈಲಿನಲ್ಲೋ, ಥಾಣೆಯ ಹಳೆಯ ಕೋಟೆಯೊಳಗಿನ ಸೆಂಟ್ರಲ್ ಜೈಲಿನಲ್ಲೋ, ಖಾರ್ಘರಿನ ಮಗ್ಗುಲಿನ ತಳೋಜಾ ಜೈಲಿನಲ್ಲೋ ದಿನ ಕಳೆಯುತ್ತಾರೆ.

ಇಲ್ಲಿ ಬಂಧಿತನ ಕೈಯಲ್ಲಿರುವ ಸಾಧನಗಳು ಅಲ್ಪವಲ್ಲ. ಸಂವಿಧಾನದ 22ನೆಯ ವಿಧಿ ಹೇಳುವಂತೆ 24 ಗಂಟೆಗಳೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ದಸ್ತಗಿರಿಯ ಕಾರಣಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರಹದ ಮೂಲಕ ಕೊಡಬೇಕೆಂದು ಸುಪ್ರೀಮ್ ಕೋರ್ಟು 2025ರ ನವೆಂಬರ್ 6ರಂದು, ಮುಂಬಯಿಯ ಮೊಕದ್ದಮೆಯೊಂದರಲ್ಲಿಯೇ, ಸ್ಪಷ್ಟಪಡಿಸಿತು. ಮರಾಠಿ ಓದಲು ಬಾರದವನ ಕೈಗೆ ಮರಾಠಿಯ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ತಿಳಿಸಿದಂತಾಗದು. ಐದು ವರ್ಷಗಳವರೆಗಿನ ಶಿಕ್ಷೆಯ ಅಪರಾಧದಲ್ಲಿ 60 ದಿನಗಳೊಳಗೆ ದೋಷಾರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಬಂಧಿತನ ಹಕ್ಕಾಗುತ್ತದೆ. ಆದರೆ ಈ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. 61ನೆಯ ದಿನ ಅರ್ಜಿ ಹಾಕಬೇಕು. ಮರುದಿನವೇ ಪಟ್ಟಿ ಬಂದುಬಿಟ್ಟರೆ, ಅರ್ಜಿ ಹಾಕದಿದ್ದವನ ಹಕ್ಕು ಕರಗಿಹೋಗುತ್ತದೆ.

ಮೊಕದ್ದಮೆ ಎಳೆದಾಡುತ್ತ ಹೋದರೆ ಇನ್ನೊಂದು ದಾರಿಯುಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧವನ್ನು ವಿಚಾರಣೆಯ ಹಂತದಲ್ಲಿಯೇ ಕಳೆದವನನ್ನು ಸಾಮಾನ್ಯವಾಗಿ ಜಾಮೀನಿನ ಮೇಲೆ ಬಿಡಬೇಕು. ಹಿಂದೆಂದೂ ಶಿಕ್ಷೆಗೊಳಗಾಗದವನಿಗೆ ಮೂರನೆಯ ಒಂದು ಭಾಗ ಸಾಕು. ಐದು ವರ್ಷಗಳ ಅಪರಾಧವಾದರೆ ಲೆಕ್ಕ 20 ತಿಂಗಳಿಗೆ ಬರುತ್ತದೆ. ಈ ಅರ್ಜಿಯನ್ನು ನ್ಯಾಯಾಲಯಕ್ಕೆ ಬರೆಯುವುದು ಜೈಲಿನ ಅಧೀಕ್ಷಕರ ಕರ್ತವ್ಯವೆಂದು ಕಾನೂನು ಹೇಳಿದೆ. ಒಂದಕ್ಕಿಂತ ಹೆಚ್ಚು ಅಪರಾಧಗಳ ಅಥವಾ ಮೊಕದ್ದಮೆಗಳ ವಿಚಾರಣೆ ಬಾಕಿಯಿದ್ದವನಿಗೆ ಈ ಸೌಲಭ್ಯವಿಲ್ಲ. ಸುಳ್ಳು ದಾಖಲೆಗಳ ಆರೋಪವನ್ನೂ ಜೊತೆಗೆ ಹೊಸೆದಿರುವ ಖಟ್ಲೆಗಳಲ್ಲಿ ಇದೇ ತೊಡಕಾಗುತ್ತದೆ.

ಅಂಥ ತೊಡಕಿಗೆ ಥಾಣೆಯಲ್ಲಿಯೇ ಉದಾಹರಣೆಯಿದೆ. ಬಾಂಗ್ಲಾದೇಶೀಯನೆಂಬ ಆರೋಪಕ್ಕೊಳಗಾದ ಒಬ್ಬನ ಜಾಮೀನಿನ ಅರ್ಜಿಯನ್ನು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಅಮಿತ್ ಬೋರಕರ್ ಅವರು 2025ರ ಆಗಸ್ಟ್ 12ರಂದು ತಳ್ಳಿಹಾಕಿದರು. ಆಧಾರ್, ಪ್ಯಾನ್, ಮತದಾರರ ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಯಾರೂ ಭಾರತದ ನಾಗರಿಕರಾಗುವುದಿಲ್ಲ, ಪೌರತ್ವವನ್ನು ನಿರ್ಣಯಿಸುವುದು 1955ರ ಪೌರತ್ವ ಕಾಯಿದೆ ಎಂಬುದು ಅಲ್ಲಿನ ವಿವೇಚನೆಯ ಸಾರ. ಕಿಸೆಯಲ್ಲಿ ಆಧಾರ್ ಚೀಟಿ ಇದ್ದರೆ ಸಾಕೆಂದು ನಿಶ್ಚಿಂತರಾಗಿರುವವರೆಲ್ಲ ಈ ಮಾತನ್ನು ಎರಡು ಸಲ ಓದಿಕೊಳ್ಳತಕ್ಕದ್ದು.

ಎರಡನೆಯ ಬಗೆಯ ಬಂಧನ ಆಡಳಿತಾತ್ಮಕವಾದುದು. ಶಿಕ್ಷೆ ಮುಗಿದ ಮೇಲೆ, ಇಲ್ಲವೆ ಜಾಮೀನು ದೊರೆತ ಮೇಲೆ, ಇಲ್ಲವೆ ಮೊಕದ್ದಮೆಯನ್ನೇ ಹೂಡದೆ, ಪರದೇಶೀಯರ ನೋಂದಣಿಯ ಅಧಿಕಾರಿಯೋ ಸರಕಾರವೋ ‘ಇವನು ಇಂಥಲ್ಲಿಯೇ ಇರತಕ್ಕದ್ದು’ ಎಂದು ಆಜ್ಞೆ ಮಾಡುವುದು. ಇಲ್ಲಿ ಜಾಮೀನೆಂಬುದಿಲ್ಲ, ಗರಿಷ್ಠ ಶಿಕ್ಷೆಯಿಲ್ಲದ್ದರಿಂದ ಅದರ ಅರ್ಧವೂ ಇಲ್ಲ. ಎಷ್ಟು ದಿನವೆಂಬುದಕ್ಕೆ ಕಾಯಿದೆಯಲ್ಲಿ ಮಿತಿಯಿಲ್ಲ. ಆದುದರಿಂದ ಜಾಮೀನು ಕೊಡಿಸಿದ ಸಂತೋಷದಲ್ಲಿ ಮನೆಯವರು ಜೈಲಿನ ಬಾಗಿಲಲ್ಲಿ ಕಾದಿರುವಾಗ, ಬಂಧಿತನನ್ನು ಇನ್ನೊಂದು ವಾಹನದಲ್ಲಿ ಬೇರೆಡೆಗೆ ಕರೆದೊಯ್ದರೆ ಅದು ಆಶ್ಚರ್ಯದ ಸಂಗತಿಯಲ್ಲ. ಜಾಮೀನಿನ ಅರ್ಜಿಯ ಜೊತೆಗೇ ಈ ಮುಂದಿನ ಹೆಜ್ಜೆಗೂ ವಕೀಲರು ಸಿದ್ಧರಿರಬೇಕು.

ಈ ಸೆರೆಗೆ ಇರುವ ಪ್ರಧಾನ ಔಷಧ ಹೇಬಿಯಸ್ ಕಾರ್ಪಸ್ ಅರ್ಜಿ. ‘ಈ ಮನುಷ್ಯನನ್ನು ಯಾವ ಅಧಿಕಾರದಿಂದ ಹಿಡಿದಿಟ್ಟಿದ್ದೀರಿ? ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ ಉತ್ತರಿಸಿರಿ’ ಎಂದು ಸರಕಾರವನ್ನು ಕೇಳುವ ಅರ್ಜಿಯಿದು. ಸಂವಿಧಾನದ 226ನೆಯ ವಿಧಿಯಂತೆ ಹೈಕೋರ್ಟಿನಲ್ಲಿ, 32ನೆಯ ವಿಧಿಯಂತೆ ಸುಪ್ರೀಮ್ ಕೋರ್ಟಿನಲ್ಲಿ ಸಲ್ಲಿಸಬಹುದು. ಬಂಧಿತನೇ ಬರಬೇಕೆಂದಿಲ್ಲ, ಹೆಂಡತಿ, ತಂದೆ, ಮಿತ್ರ ಯಾರಾದರೂ ಸಲ್ಲಿಸಬಹುದು. ಮ್ಯಾಜಿಸ್ಟ್ರೇಟರ ಆದೇಶದಂತೆ ನ್ಯಾಯಾಂಗ ಬಂಧನದಲ್ಲಿರುವವನಿಗೆ ಮಾತ್ರ ಇದು ಸಾಧಾರಣವಾಗಿ ನಡೆಯದು. ಅವನು ಜಾಮೀನಿನ ದಾರಿಯನ್ನೇ ಹಿಡಿಯಬೇಕು. ಪರದೇಶೀಯನಿಗೂ ಈ ಅಧಿಕಾರವಿದೆಯೆ ಎಂದರೆ, ಇದೆ. 21ನೆಯ ವಿಧಿಯು ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಾಪಾಡುವುದು ‘ಯಾವ ವ್ಯಕ್ತಿ’ಗಾದರೂ ಸರಿ, ಅಲ್ಲಿ ನಾಗರಿಕನೆಂಬ ಶಬ್ದವಿಲ್ಲ. ಈ ದೇಶದಲ್ಲಿ ನೆಲಸುವ ಹಕ್ಕು ಮಾತ್ರ ನಾಗರಿಕರದೆಂದು 1991ರಲ್ಲಿ ಲೂಯಿ ಡಿ ರೇಡ್ ಎಂಬ ವಿದೇಶೀಯನ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಹೇಳಿದೆ. ಅಂದರೆ ಈ ಅರ್ಜಿಯಿಂದ ದೀರ್ಘ ಸೆರೆಯನ್ನು ಪ್ರಶ್ನಿಸಬಹುದು, ಗಡೀಪಾರನ್ನು ಶಾಶ್ವತವಾಗಿ ತಪ್ಪಿಸಿಕೊಳ್ಳಲಾಗದು.

ದೀರ್ಘಕಾಲದ ಸೆರೆಯನ್ನು ಕುರಿತು ಸ್ಪಷ್ಟವಾದ ಲೆಕ್ಕವೊಂದು ಹುಟ್ಟಿದ್ದು ಅಸ್ಸಾಮಿನ ಪ್ರಕರಣಗಳಲ್ಲಿ. ಮೂರು ವರ್ಷ ಕಳೆದವರನ್ನು ತಲಾ ಒಂದು ಲಕ್ಷ ರೂಪಾಯಿಗಳ ಇಬ್ಬರು ಭಾರತೀಯರ ಜಾಮೀನಿನ ಮೇಲೆ, ವಿಳಾಸವನ್ನು ಪರೀಕ್ಷಿಸಿ, ವಾರಕ್ಕೊಮ್ಮೆ ಪೋಲೀಸ್ ಠಾಣೆಯಲ್ಲಿ ಹಾಜರಿ ಕೊಡುವ ಷರತ್ತಿನ ಮೇಲೆ ಬಿಡಬಹುದೆಂದು ಸುಪ್ರೀಮ್ ಕೋರ್ಟು 2019ರ ಮೇ ತಿಂಗಳಲ್ಲಿ ಆದೇಶಿಸಿತು. ಲಕ್ಷ ರೂಪಾಯಿಯ ಇಬ್ಬರು ಜಾಮೀನುದಾರರನ್ನು ಕೂಲಿಯವನು ಎಲ್ಲಿಂದ ತರಬೇಕು? ಕೊರೋನಾ ಹಬ್ಬಿದ 2020ರ ಏಪ್ರಿಲಿನಲ್ಲಿ ಅವಧಿ ಎರಡು ವರ್ಷಕ್ಕೆ, ಮೊತ್ತ ಐದು ಸಾವಿರಕ್ಕೆ ಇಳಿಯಿತು. 2025ರ ಫೆಬ್ರುವರಿಯಲ್ಲಿ ಅಸ್ಸಾಮಿನ ಮಾಟಿಯಾ ಶಿಬಿರದಲ್ಲಿದ್ದ 63 ಮಂದಿಯ ವಿಷಯ ಬಂದಾಗ, ಅವರನ್ನು ಕಳುಹಿಸಲು ಮುಹೂರ್ತಕ್ಕಾಗಿ ಕಾಯುತ್ತಿದ್ದೀರಾ ಎಂದು ಸುಪ್ರೀಮ್ ಕೋರ್ಟು ಆ ರಾಜ್ಯವನ್ನು ಕೇಳಿತು; ಅನಿರ್ದಿಷ್ಟ ಕಾಲ ಇಟ್ಟುಕೊಂಡಿರಲಾಗದೆಂದಿತು. ಇವು ಅಸ್ಸಾಮಿಗಾಗಿ ಹೊರಟ ಆದೇಶಗಳು. ಥಾಣೆಯ ಅಧಿಕಾರಿಯನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೂ ಮುಂಬಯಿಯ ಹೈಕೋರ್ಟಿನಲ್ಲಿ ನಿಲ್ಲುವ ವಕೀಲನಿಗೆ ಇವುಗಳಷ್ಟು ಬಲವಾದ ಊರುಗೋಲು ಬೇರೆಯಿಲ್ಲ.

ಇಂಥ ಸೆರೆಗೆ ಮಿತಿ ಬೇಕೆಂಬ ತತ್ವವು ಇಂಗ್ಲೆಂಡಿನಲ್ಲಿ ಸ್ಥಾಪಿತವಾದುದು ಒಬ್ಬ ಭಾರತೀಯನ ಹೆಸರಿನಲ್ಲಿ ಎಂಬುದು ಅನೇಕರಿಗೆ ತಿಳಿಯದು. ಶಿಕ್ಷೆ ಮುಗಿದ ಮೇಲೂ ಗಡೀಪಾರಿಗಾಗಿ ಡರ್ಹಮ್ ಜೈಲಿನಲ್ಲಿ ಇಟ್ಟುಕೊಂಡಿದ್ದ ಹರದಯಾಲ್ ಸಿಂಗ್ ಎಂಬಾತನ ಅರ್ಜಿಯಲ್ಲಿ, ಕಳುಹಿಸುವುದಕ್ಕೆ ಯುಕ್ತವಾದಷ್ಟು ಕಾಲ ಮಾತ್ರ ಇಡಬಹುದು, ಕಳುಹಿಸುವ ಕೆಲಸವೂ ಚುರುಕಿನಿಂದ ನಡೆಯಬೇಕು ಎಂದು ನ್ಯಾಯಮೂರ್ತಿ ವುಲ್ಫ್ 1983ರಲ್ಲಿ ತೀರ್ಪಿತ್ತರು. ಅಮೇರಿಕದ ಸುಪ್ರೀಮ್ ಕೋರ್ಟು 2001ರಲ್ಲಿ, ಗಡೀಪಾರಿನ ಆದೇಶವಾದ ಮೇಲೆ ಆರು ತಿಂಗಳನ್ನು ಒಂದು ಅಳತೆಗೋಲಾಗಿ ಇಟ್ಟುಕೊಂಡಿತು. ಕಳುಹಿಸುವ ಸಂಭವವೇ ಇಲ್ಲದವನನ್ನು ಬಂಧನದಲ್ಲಿಡಕೂಡದೆಂದು ಆಸ್ಟ್ರೇಲಿಯದ ಹೈಕೋರ್ಟು ತನ್ನ 2004ರ ತೀರ್ಪನ್ನೇ ತಿರುಗಿಸಿ 2023ರಲ್ಲಿ ಹೇಳಿತು. ನಮ್ಮ ಕಾಯಿದೆಯು ಇಂಥದೊಂದು ಅಂಕಿಯನ್ನು ಇನ್ನೂ ಬರೆದುಕೊಂಡಿಲ್ಲ.

ಇನ್ನು ಅತಿ ಮುಖ್ಯವಾದ ವಿಷಯ, ಕಾಗದಪತ್ರ. ಉಳಿದ ಮೊಕದ್ದಮೆಗಳಲ್ಲಿ ಆರೋಪವನ್ನು ಸಿದ್ಧಪಡಿಸುವುದು ಸರಕಾರದ ಹೊಣೆ. ಇಲ್ಲಿ ಅದು ತಿರುಗುಮುರುಗು. ತಾನು ಪರದೇಶೀಯನಲ್ಲವೆಂದು ತೋರಿಸುವ ಭಾರ ಹಿಡಿಯಲ್ಪಟ್ಟವನದೇ. ಹಳೆಯ ಕಾಯಿದೆಯಲ್ಲಿದ್ದ ಈ ನಿಯಮವನ್ನು ಹೊಸದೂ ಉಳಿಸಿಕೊಂಡಿದೆ. ಇದಕ್ಕೊಂದು ಲಗಾಮನ್ನು ಸುಪ್ರೀಮ್ ಕೋರ್ಟು 2024ರ ಜುಲೈ 11ರಂದು ಹಾಕಿತು: ಯಾವ ಆಧಾರವೂ ಇಲ್ಲದೆ ಯಾರನ್ನೋ ಕರೆದು ‘ನಿನ್ನ ಪೌರತ್ವ ತೋರಿಸು’ ಎನ್ನುವಂತಿಲ್ಲ, ಸಂಶಯಕ್ಕೆ ಕಾರಣವಾದ ಸಾಮಗ್ರಿಯನ್ನು ಮೊದಲು ಅವನಿಗೆ ಕೊಡಬೇಕು, ಹೆಸರಿನ ಕಾಗುಣಿತದಲ್ಲೋ ತಾರೀಖಿನಲ್ಲೋ ಇರುವ ಸಣ್ಣ ವ್ಯತ್ಯಾಸವೇ ಪೌರತ್ವವನ್ನು ಕಳೆಯತಕ್ಕದ್ದಲ್ಲ. ಈ ತೀರ್ಪು ಹೊರಬೀಳುವಷ್ಟರಲ್ಲಿ ಆ ಅಸ್ಸಾಮಿನ ಅರ್ಜಿದಾರ ಬದುಕಿರಲಿಲ್ಲ.

ಹೆಸರಿನ ವ್ಯತ್ಯಾಸದ ಮಾತು ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಊರಿನ ಪಹಣಿಯಲ್ಲಿ ‘ತಿಮ್ಮಪ್ಪ ಬಿನ್ ರಾಮಣ್ಣ’ ಎಂದಿರುವವನು ಡೊಂಬಿವಲಿಯ ರೇಶನ್ ಕಾರ್ಡಿನಲ್ಲಿ ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಅಂಟಿಸಿಕೊಂಡು ಬೇರೊಬ್ಬನೇ ಆಗಿರುತ್ತಾನೆ. ಮೈಸೂರು ಕಡೆಯವರ ಹೆಸರಿನ ಮುಂದಿನ ಒಂದೆರಡು ಅಕ್ಷರಗಳನ್ನು ಇಲ್ಲಿಯ ಗುಮಾಸ್ತರು ಬಿಡಿಸಿ ಬರೆಯುವ ರೀತಿ ಒಬ್ಬೊಬ್ಬರದು ಒಂದೊಂದು. ಅಳಿಯಸಂತಾನದ ಸಂಪ್ರದಾಯವಿದ್ದ ತುಳುನಾಡಿನ ಮನೆಗಳಲ್ಲಿ ತಂದೆಯ ಉಪನಾಮ ಒಂದು, ತಾಯಿಯ ಬಳಿಯಿಂದ ಬಂದ ಮಕ್ಕಳ ಉಪನಾಮ ಇನ್ನೊಂದು, ಜಮೀನು ಸೋದರಮಾವನ ಹೆಸರಿನಲ್ಲಿ! ಊರಿನಲ್ಲಿ ಇದು ಎಲ್ಲರಿಗೂ ತಿಳಿದ ಮಾತು. ಠಾಣೆಯ ಮೇಜಿನ ಮೇಲೆ ಇದೇ ಸಂಶಯದ ಬೀಜ.

ಯಾವ ಕಾಗದ ಬೇಕು ಎಂಬುದು ಹುಟ್ಟಿದ ದಿನವನ್ನು ಅವಲಂಬಿಸಿದೆ. ಪೌರತ್ವ ಕಾಯಿದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಭಾರತದಲ್ಲಿ ಹುಟ್ಟಿದವನು, ಕೆಲವು ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ನಾಗರಿಕ. ಅವನಿಗೆ ಜನ್ಮಸ್ಥಳದ ಪುರಾವೆ ಸಾಕು. ಆಮೇಲೆ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವನಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು. ಅನಂತರ ಹುಟ್ಟಿದವರಿಗೆ ಇಬ್ಬರೂ ನಾಗರಿಕರಾಗಿರಬೇಕು, ಅಥವಾ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸೆಗಾರರಾಗಿರಬಾರದು. ಆದುದರಿಂದ ಇಂದಿನ ಯುವಕನ ಪೌರತ್ವ ನಿಂತಿರುವುದು ಅವನ ಆಧಾರ್ ಚೀಟಿಯ ಮೇಲಲ್ಲ, ತಂದೆತಾಯಿಗಳ ಹಳೆಯ ಕಾಗದಗಳ ಮೇಲೆ. ತಂದೆಯ ಶಾಲೆ ಬಿಟ್ಟ ಸರ್ಟಿಫಿಕೇಟು, ಜನನದ ದಾಖಲೆ, ಅಜ್ಜನ ಹೆಸರಿರುವ ಹಳೆಯ ಮತದಾರರ ಪಟ್ಟಿ, ಪಹಣಿ, ಪಂಚಾಯತಿಯ ದಾಖಲೆ ಇವೆಲ್ಲ ಒಂದಕ್ಕೊಂದು ಕೊಂಡಿಯಾಗಿ ಸರಪಣಿಯಾಗಬೇಕು. ಹೆಸರು ಬೇರೆಬೇರೆಯಾಗಿದ್ದರೆ ಎರಡೂ ಒಬ್ಬನೇ ಎಂಬ ಪ್ರಮಾಣಪತ್ರವನ್ನು ಸಮಾಧಾನದ ಕಾಲದಲ್ಲಿಯೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಇದರಲ್ಲಿ ಅವಸರದ ಅಂಶವೊಂದಿದೆ. ಬಾಂಗ್ಲಾದೇಶ ಅಥವಾ ಮ್ಯಾನ್ಮಾರಿನವನೆಂಬ ಸಂಶಯಕ್ಕೊಳಗಾದವನು ತಾನು ಭಾರತೀಯನೆಂದು ಹೇಳಿದರೆ, ಅವನು ಹೇಳುವ ಊರಿನ ರಾಜ್ಯಕ್ಕೆ ಬರೆದು 30 ದಿನಗಳೊಳಗೆ ವಿಚಾರಿಸಿಕೊಳ್ಳಬೇಕೆಂದು ಕೇಂದ್ರ ಗೃಹ ಇಲಾಖೆಯು 2025ರ ಮೇ ತಿಂಗಳಲ್ಲಿ ಸೂಚಿಸಿತು. ಉತ್ತರ ಬಾರದಿದ್ದರೆ ಗಡೀಪಾರಿನ ಕ್ರಮ ಮುಂದುವರಿಯಬಹುದು. ಎಂದರೆ ಥಾಣೆಯಲ್ಲಿ ಬಂಧನ, ಗಡಿಯಾರ ಓಡುವುದು ಮಾತ್ರ ಊರಿನ ತಾಲೂಕು ಕಚೇರಿಯಲ್ಲಿ. ಊರಿನಲ್ಲಿರುವ ನೆಂಟನೊಬ್ಬನು ಕಡತದ ಬೆನ್ನು ಹತ್ತಿ, ಉತ್ತರ ಹೊರಟ ತಾರೀಖು ಮತ್ತು ಜಾವಕ ನಂಬರನ್ನು ಇಲ್ಲಿಗೆ ತಿಳಿಸುವುದು ದೊಡ್ಡ ವಕೀಲನ ವಾದಕ್ಕಿಂತ ಹೆಚ್ಚಿನ ಕೆಲಸ ಮಾಡೀತು. ಈ 30 ದಿನಗಳ ನಿಯಮವನ್ನೂ ಮುರಿದು ದೆಹಲಿಯಿಂದ ಗಡಿಯಾಚೆ ಕಳುಹಿಸಲಾಗಿದ್ದ ಬೀರಭೂಮಿನ ಗರ್ಭಿಣಿಯೊಬ್ಬಳ ವಿಷಯದಲ್ಲಿ ಅವಳ ತಂದೆಯು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದನು. ಅವಳನ್ನು ಹಿಂದಕ್ಕೆ ತರಬೇಕೆಂದು ಕಲಕತ್ತಾ ಹೈಕೋರ್ಟು 2025ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಪ್ರಕರಣ ಸುಪ್ರೀಮ್ ಕೋರ್ಟಿಗೆ ಹೋಗಿ, ಡಿಸೆಂಬರಿನಲ್ಲಿ ಅವಳೂ ಅವಳ ಮಗನೂ ಮರಳಿ ಬಂದರು.

ಸೆರೆಯಲ್ಲಿರುವವನ ದೇಹಸ್ಥಿತಿಯೂ ಕಾನೂನಿನ ವಿಷಯವೇ. ಬಿಡುಗಡೆಯ ದಿನ ತಿಳಿಯದ ಸೆರೆ ನಿದ್ದೆಯನ್ನೂ ಹಸಿವನ್ನೂ ಕೆಡಿಸುತ್ತದೆ. ಸಿಹಿಮೂತ್ರ, ರಕ್ತದೊತ್ತಡ, ಅಪಸ್ಮಾರಗಳಿದ್ದವರ ಔಷಧಿ ತಪ್ಪಿದರೆ ವಾರದೊಳಗೆ ಅಪಾಯವುಂಟಾಗಬಹುದು. ಡಾಕ್ಟರರ ಹಳೆಯ ಚೀಟಿಗಳ ನಕಲನ್ನು ಮೊದಲ ಮುಲಾಕಾತಿಗೇ ಜೈಲಿನ ವೈದ್ಯಾಧಿಕಾರಿಗೆ ತಲುಪಿಸಿ, ಸ್ವೀಕರಿಸಿದ ರುಜು ಪಡೆಯಬೇಕು. ರೋಗಿಗೆ, ಅಶಕ್ತರಿಗೆ, ಸ್ತ್ರೀಯರಿಗೆ ಜಾಮೀನು ಕೊಡುವಲ್ಲಿ ವಿಶೇಷ ಪರಿಗಣನೆಗೆ ಸುರಕ್ಷಾ ಸಂಹಿತೆಯ 480ನೆಯ ಕಲಮಿನಲ್ಲಿ ಅವಕಾಶವಿದೆ. ಆಗ ಆ ಚೀಟಿಯೇ ಸಾಕ್ಷಿ.

ನಮ್ಮವರು ಹೊರದೇಶದಲ್ಲಿ ಸಿಕ್ಕಿಬಿದ್ದಾಗ ಇದೇ ಕಥೆ ಕನ್ನಡಿಯಲ್ಲಿ ತಿರುಗಿ ಕಾಣುತ್ತದೆ. ಸೌದಿ ಅರೇಬಿಯದಲ್ಲಿ ಕೆಲಸಗಾರನು ಓಡಿಹೋದನೆಂದು ಮಾಲಿಕನು ದೂರಿತ್ತರೆ ಅದಕ್ಕೆ ‘ಹುರೂಬ್’ ಎನ್ನುತ್ತಾರೆ. ಆ ಮುದ್ರೆ ಬಿದ್ದವನು ಗಡೀಪಾರು ಕೇಂದ್ರ ಸೇರುತ್ತಾನೆ. ಮೇಲೆ ಸಾಲದ್ದೋ ಪೋಲೀಸಿನದೋ ತಕರಾರು ಉಳಿದಿದ್ದರೆ ಹೊರಡಲೂ ಆಗದು, ಇರಲೂ ಆಗದು. 1963ರ ವಿಯೆನ್ನಾ ಒಡಂಬಡಿಕೆಯ 36ನೆಯ ವಿಧಿಯಂತೆ ಬಂಧಿತನು ಕೇಳಿದರೆ ಅವನ ರಾಯಭಾರಿ ಕಚೇರಿಗೆ ತಿಳಿಸಲೇಬೇಕು. ‘ನಮ್ಮ ಕಾನ್ಸಲರನ್ನು ಕರೆಯಿರಿ’ ಎಂಬ ಒಂದು ವಾಕ್ಯವನ್ನು ಹೊರಡುವ ಮೊದಲೇ ಕಲಿತಿರಬೇಕು. ಪಾಸ್‌ಪೋರ್ಟು ಮಾಲಿಕನ ಬಳಿ ಉಳಿದಿದ್ದರೆ ರಾಯಭಾರಿ ಕಚೇರಿ ತುರ್ತು ಪ್ರಯಾಣಪತ್ರ ಕೊಡುತ್ತದೆ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ವಕೀಲರ ವೆಚ್ಚ, ಹಿಂದಿರುಗುವ ಟಿಕೆಟ್ಟು ದೊರೆಯಬಹುದು. ವಿದೇಶಾಂಗ ಇಲಾಖೆಯ ‘ಮದದ್’ ವ್ಯವಸ್ಥೆಯಲ್ಲಿ ಮನೆಯವರು ಇಲ್ಲಿಂದಲೇ ದೂರು ದಾಖಲಿಸಬಹುದು. ಆಗಾಗ ಘೋಷಣೆಯಾಗುವ ಕ್ಷಮಾದಾನದ ಅವಧಿಗಳನ್ನೂ (ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 2024ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅಂಥದೊಂದಿತ್ತು) ಕಣ್ಣಿಟ್ಟು ನೋಡಬೇಕು. ಅಲ್ಲಿಯ ಭಾರತೀಯ ಅಧಿಕಾರಿಗಳು ಚಲಿಸದಿದ್ದರೆ ಇಲ್ಲಿಯ ಹೈಕೋರ್ಟಿನಲ್ಲಿ ಕೇಂದ್ರ ಸರಕಾರದ ಮೇಲೆ ರಿಟ್ ಅರ್ಜಿ ಹಾಕಬಹುದು. ಸೌದಿಯಲ್ಲಿ ಸೆರೆಯಾದ ದಕ್ಷಿಣ ಕನ್ನಡದವನೊಬ್ಬನ ಪರವಾಗಿ ಅವನ ಹೆಂಡತಿಯು ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದ್ದುಂಟು.

ಇಷ್ಟಕ್ಕೂ ವಕೀಲರಿಗೆ ಕೊಡಲು ಹಣವೆಲ್ಲಿ ಎಂಬ ಪ್ರಶ್ನೆ ಸಹಜ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಬಂಧನದಲ್ಲಿರುವ ವ್ಯಕ್ತಿಗೆ, ಅವನ ಆದಾಯ ಎಷ್ಟೇ ಇರಲಿ, ಸರಕಾರದ ವೆಚ್ಚದಲ್ಲಿ ವಕೀಲನು ದೊರೆಯಬೇಕು. ಥಾಣೆ, ಕಲ್ಯಾಣ, ಡೊಂಬಿವಲಿ, ವಾಶಿ, ನೆರೂಳುಗಳವರು ಥಾಣೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಖಾರ್ಘರ್, ಪನವೇಲ್‌ಗಳು ರಾಯಗಡ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿಯವರಿಗೆ ಅಲಿಬಾಗಿನ ಪ್ರಾಧಿಕಾರ. ಬಂಧಿತನ ಹೆಸರು, ಹಿಡಿದ ದಿನ ಮತ್ತು ಹೊತ್ತು, ಪೋಲೀಸ್ ಠಾಣೆ, ಈಗ ಇರಿಸಿರುವ ಸ್ಥಳ, ತಿಳಿದಿರುವ ಭಾಷೆ, ಊರಿನ ವಿಳಾಸ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋದರೆ ಮೊದಲ ದಿನವೇ ಕೆಲಸ ಆರಂಭವಾಗುತ್ತದೆ. ರಾಷ್ಟ್ರೀಯ ಪ್ರಾಧಿಕಾರದ ಸಹಾಯವಾಣಿಯ ಸಂಖ್ಯೆ 15100.